ಪದವಿಯ ನಂತರವೂ ಉಳಿಯುವ ಗೆಳೆತನ

ಅಮೆರಿಕದ ಕಾಲೇಜುಗಳಲ್ಲಿ 'ಸೊರೋರಿಟಿ' ಎಂಬ ವಿದ್ಯಾರ್ಥಿನಿಯರ ಸಂಘಗಳಿವೆ. ಹೆಸರಿಗೆ ಗ್ರೀಕ್ ಅಕ್ಷರಗಳು, ಸೇರಲು ಶುಲ್ಕ, ಪರಸ್ಪರ 'ಸಹೋದರಿ' ಎಂಬ ಸಂಬೋಧನೆ. ಕೆಲವೆಡೆ ಹೊಸಬರನ್ನು ಪೀಡಿಸಿ ಕೆಟ್ಟ ಹೆಸರನ್ನೂ ಪಡೆದಿವೆ. ಅದು ಯಾರಿಗೂ ಬೇಡ.

ಆದರೆ 1908ರಲ್ಲಿ ವಾಷಿಂಗ್ಟನ್‌ನ ಹೊವಾರ್ಡ್ ವಿಶ್ವವಿದ್ಯಾಲಯದ ಕಪ್ಪು ವರ್ಣೀಯ ವಿದ್ಯಾರ್ಥಿನಿಯರು ಕಟ್ಟಿದ 'ಆಲ್ಫಾ ಕಪ್ಪಾ ಆಲ್ಫಾ' ಗಮನಾರ್ಹ. ಇಲ್ಲಿ ಸದಸ್ಯತ್ವ ಪದವಿಯೊಂದಿಗೆ ಮುಗಿಯುವುದಿಲ್ಲ. ನೌಕರಿ, ಮದುವೆ ಎಂದು ದೂರ ಹೋದವರು ಅಲ್ಲಿನ ಪದವೀಧರೆಯರ ಶಾಖೆ ಸೇರುತ್ತಾರೆ. ಅಲ್ಲಿ ವಿದ್ಯಾರ್ಥಿವೇತನ, ಮತದಾರರ ನೋಂದಣಿಯಂತಹ ಕೆಲಸ ಕಾದಿರುತ್ತದೆ. ಒಟ್ಟಿಗೆ ದುಡಿದಲ್ಲಿ ಸ್ನೇಹ ಬಾಡುವುದಿಲ್ಲ. ಚೆನ್ನೈ ಮೂಲದ ತಾಯಿಯ ಮಗಳು ಕಮಲಾ ಹ್ಯಾರಿಸ್ 1986ರಲ್ಲಿ ಸೇರಿದ್ದು ಇದೇ ಸಂಘಕ್ಕೆ. 2024ರಲ್ಲಿ ಅವರು ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದಾಗ ಅನೇಕ ಸಹೋದರಿಯರು ಬೆನ್ನಿಗೆ ನಿಂತರು.

ಮುಂಬಯಿಯ ಕನ್ನಡ ಸಂಘಗಳಲ್ಲೂ ಆಜೀವ ಸದಸ್ಯರಿದ್ದಾರೆ. ಆದರೆ ಅದು ರಸೀದಿ ಪುಸ್ತಕದ ಲೆಕ್ಕ. ವಾರ್ಷಿಕೋತ್ಸವದಲ್ಲಿ ಪ್ರಾರ್ಥನೆ ಹಾಡಿದ ಯುವ ವಿಭಾಗದ ಹುಡುಗಿ ಮದುವೆಯಾಗಿ ಪುಣೆಗೋ ಹೈದರಾಬಾದಿಗೋ ಹೋದರೆ ಮತ್ತೆ ವಿಚಾರಿಸುವವರಿಲ್ಲ. ಮಹಾಸಭೆಯಲ್ಲಿ ಮಾತ್ರ 'ಯುವಜನರು ಬರುತ್ತಿಲ್ಲ' ಎಂಬ ಕೊರಗು! ಊರು ಬಿಟ್ಟ ಸದಸ್ಯೆಯ ಹೆಸರನ್ನು, ಆಕೆಯ ಒಪ್ಪಿಗೆ ಪಡೆದು, ಆ ಊರಿನ ಕನ್ನಡ ಸಂಘಕ್ಕೆ ತಿಳಿಸುವ ಹೊಣೆಯನ್ನು ಮಹಿಳಾ ವಿಭಾಗದ ಕಾರ್ಯದರ್ಶಿಗೆ ವಹಿಸಲಿ. ಇದಕ್ಕೆ ಬಜೆಟ್ ಮಂಜೂರಾತಿಯೂ ಬೇಕಾಗಿಲ್ಲ.