ಕಿಲೋಮೀಟರ್ ಬೇಡ, ದಿನ ಎಣಿಸಿ

"ಡಾಕ್ಟ್ರೇ, ಈ ವರ್ಷ ಐದು ಸಾವಿರ ಕಿಲೋಮೀಟರ್ ಸೈಕಲ್ ತುಳೀಲೇಬೇಕು ಅಂತ ತೀರ್ಮಾನ ಮಾಡಿದ್ದೀನಿ. ನನ್ನ ಕೈಲಿ ಆಗುತ್ತಾ?"

ಈಚೆಗೆ ಕಾಮಸಮುದ್ರದ ನನ್ನ ಕ್ಲಿನಿಕ್ಕಿಗೆ ಬಂದ ಮೂವತ್ತೆಂಟು ವರ್ಷದ ಗೃಹಸ್ಥರೊಬ್ಬರು ಕೇಳಿದ ಪ್ರಶ್ನೆ ಇದು. ಇವರು ದಿನವೂ ಬಂಗಾರಪೇಟೆಯಲ್ಲಿ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ, ಕತ್ತಲಾದ ಮೇಲೆ ಮನೆ ಸೇರುವವರು. ಹೊಟ್ಟೆ ಮುಂದೆ ಬಂದಿದೆ. ಅಂದು ರಕ್ತದೊತ್ತಡ 146/94 ಇತ್ತು. ಗೆಳೆಯರೊಬ್ಬರು ತಾವು ಸೈಕಲ್ ತುಳಿದ ದೂರವನ್ನು ಮೊಬೈಲಿನಲ್ಲಿ ದಿನವೂ ಕಳಿಸುತ್ತಾರಂತೆ. ಅದನ್ನು ನೋಡಿ ಇವರಿಗೂ ಹುಮ್ಮಸ್ಸು ಬಂದಿದೆ.

"ಸೈಕಲ್ ತುಳಿಯುವುದು ಖಂಡಿತ ಆಗುತ್ತದೆ. ಆದರೆ ನೀವು ಹಾಕಿಕೊಂಡಿರುವ ಲೆಕ್ಕ ಸರಿಯಿಲ್ಲ" ಎಂದೆ. ಅವರ ಮುಖ ಸ್ವಲ್ಪ ಬಾಡಿತು. ಅವರಿಗೆ ಹೇಳಿದ್ದನ್ನೇ ಇಲ್ಲಿ ನಿಮಗೂ ಹೇಳುತ್ತಿದ್ದೇನೆ. ಏಕೆಂದರೆ ಅದೇ ತಪ್ಪು ಲೆಕ್ಕ ಹಾಕಿ ಪೆಟ್ಟು ತಿಂದವನು ನಾನು.

ನಾನು ಕಲಿತ ಪಾಠ

ಎರಡು ವರ್ಷದ ಹಿಂದೆ ನನ್ನ ರಕ್ತ ಪರೀಕ್ಷೆ ಮಾಡಿಸಿದೆ. ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ 6.2 ಬಂತು. 5.7ರಿಂದ 6.4ರವರೆಗೆ ಇದ್ದರೆ ಮಧುಮೇಹದ ಹೊಸ್ತಿಲಲ್ಲಿ ನಿಂತಿದ್ದೀರಿ ಎಂದರ್ಥ. ನನ್ನ ತಂದೆಗೆ ಐವತ್ತೊಂದನೆಯ ವಯಸ್ಸಿನಲ್ಲಿ ಹೃದಯಾಘಾತವಾಗಿತ್ತು. ನನಗೆ ಆಗ ನಲವತ್ತನಾಲ್ಕು. ಬಂದ ರೋಗಿಗಳಿಗೆಲ್ಲ "ದಿನಾ ವ್ಯಾಯಾಮ ಮಾಡಿ" ಎಂದು ಉಪದೇಶಿಸುತ್ತಿದ್ದ ವೈದ್ಯ, ತಾನು ಮಾತ್ರ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ!

ಜನವರಿ ಒಂದರಂದು ಡೈರಿಯಲ್ಲಿ "ಈ ವರ್ಷ 5,000 ಕಿ.ಮೀ. ಸೈಕಲ್" ಎಂದು ಬರೆದೆ. ಭಾಗಿಸಿ ನೋಡಿದರೆ ವಾರಕ್ಕೆ 96, ದಿನಕ್ಕೆ 14 ಕಿ.ಮೀ.ಗೂ ಕಡಿಮೆ. ಇದೇನು ಮಹಾ ಎನಿಸಿತು. ಮೊದಲ ತಿಂಗಳು ಚೆನ್ನಾಗಿಯೇ ನಡೆಯಿತು. ಫೆಬ್ರವರಿಯಲ್ಲಿ ಸುತ್ತಲ ಹಳ್ಳಿಗಳಲ್ಲೆಲ್ಲ ಜ್ವರ, ಕ್ಲಿನಿಕ್ಕಿನಲ್ಲಿ ಜನವೋ ಜನ. ಮಾರ್ಚಿಯಲ್ಲಿ ಎರಡು ಮದುವೆ. ಮಾರ್ಚಿ ಮುಗಿಯುವಾಗ 450 ಕಿ.ಮೀ. ಬಾಕಿ ಉಳಿದಿತ್ತು. ಅಷ್ಟನ್ನೂ ಭಾನುವಾರಗಳಲ್ಲಿ ತೀರಿಸಿಬಿಡುತ್ತೇನೆಂದು ಹೊರಟೆ.

ಏಪ್ರಿಲಿನ ಒಂದು ಭಾನುವಾರ. ವಾರದ ಆರು ದಿನ ಸೈಕಲ್ ಮುಟ್ಟಿರಲಿಲ್ಲ. ಕಾಮಸಮುದ್ರದಿಂದ ಬಂಗಾರಪೇಟೆ, ಕೋಲಾರ, ಮುಳಬಾಗಿಲು, ಅಲ್ಲಿಂದ ಬೇತಮಂಗಲ, ಕೆಜಿಎಫ್ ಮೇಲೆ ಮನೆಗೆ ವಾಪಸು. ನೂರು ಕಿ.ಮೀ. ಆಸುಪಾಸಿನ ಸುತ್ತು. ಬೇತಮಂಗಲದ ಕೆರೆಯ ಹತ್ತಿರ ಬರುವಷ್ಟರಲ್ಲಿ ಹನ್ನೊಂದೂವರೆ. ತಲೆ ಸಿಡಿಯುತ್ತಿತ್ತು, ವಾಕರಿಕೆ, ಮೀನಖಂಡ ಹಿಡಿದುಕೊಂಡಿತು, ಕಣ್ಣು ಕತ್ತಲಿಟ್ಟಿತು. ಬೆಳಗಿನಿಂದ ಬರಿಯ ನೀರನ್ನೇ ಕುಡಿದಿದ್ದೆ. ಬೆವರಿನಲ್ಲಿ ಹೋದ ಉಪ್ಪಿಗೆ ಬದಲಾಗಿ ಒಂದು ಚಿಟಿಕೆ ಉಪ್ಪೂ ಒಳಗೆ ಹೋಗಿರಲಿಲ್ಲ. ಸೈಕಲ್ ಕೆಡವಿ ಮರದ ನೆರಳಲ್ಲಿ ಕುಸಿದು ಕುಳಿತೆ.

ಆಗ ಹಳೆಯ ಸೈಕಲ್ಲಿನ ಮೇಲೆ ಹುಲ್ಲಿನ ಹೊರೆ ಹೇರಿಕೊಂಡು, ಅರವತ್ತು ದಾಟಿದ ಹಿರಿಯರೊಬ್ಬರು ಬಂದರು. ನನ್ನನ್ನು ನೋಡಿ ನಿಂತು, "ಏನ್ ಸ್ವಾಮಿ, ಯಾರಾನ ಅಟ್ಟಿಸ್ಕೊಂಡ್ ಬಂದ್ರಾ?" ಎಂದರು. ತಮ್ಮ ಬುತ್ತಿಯಲ್ಲಿದ್ದ ಉಪ್ಪು ಹಾಕಿದ ಮಜ್ಜಿಗೆ ಕೊಟ್ಟರು. ಅರ್ಧ ಗಂಟೆಯಲ್ಲಿ ಜೀವ ಬಂದಂತಾಯಿತು. ದಿನಕ್ಕೆ ಎಷ್ಟು ದೂರ ಸೈಕಲ್ ತುಳಿಯುತ್ತೀರಿ ಎಂದು ಕೇಳಿದೆ. "ಯಾರ್ ಸ್ವಾಮಿ ಲೆಕ್ಕ ಇಟ್ಟವ್ರೆ? ಹಸ ಇರೋವರ್ಗೂ ಹುಲ್ ತರಬೇಕಲ್ಲ" ಎಂದು ನಕ್ಕರು.

ಸಾಮಾನು ಸಾಗಿಸುವ ಆಟೋದಲ್ಲಿ ಸೈಕಲ್ಲಿನ ಪಕ್ಕ ಕುಳಿತು ಮನೆಗೆ ಬಂದೆ. ಬಲಗೈಯ ಕಿರುಬೆರಳು ಎರಡು ವಾರ ಜೋಮು ಹಿಡಿದಂತಿತ್ತು. ದಾರಿಯುದ್ದಕ್ಕೂ ಆ ಹಿರಿಯರ ಪ್ರಶ್ನೆಯೇ ತಲೆಯಲ್ಲಿ. ನನ್ನನ್ನು ಯಾರೂ ಅಟ್ಟಿಸಿಕೊಂಡು ಬಂದಿರಲಿಲ್ಲ. ನಾನೇ ಡೈರಿಯಲ್ಲಿ ಬರೆದ ಅಂಕಿ ನನ್ನನ್ನು ಅಟ್ಟಿಸಿಕೊಂಡು ಬಂದಿತ್ತು.

ಶರೀರದ ಲೆಕ್ಕವೇ ಬೇರೆ

ನೀವು ಸೈಕಲ್ ತುಳಿಯುವಾಗ ತೊಡೆಯ ದೊಡ್ಡ ಮಾಂಸಖಂಡಗಳು ರಕ್ತದಲ್ಲಿರುವ ಸಕ್ಕರೆಯನ್ನು ಹೀರಿಕೊಂಡು ಬಳಸುತ್ತವೆ. ಇಳಿದ ಮೇಲೂ ಸುಮಾರು ಒಂದರಿಂದ ಎರಡು ದಿನ ಅವು ಇನ್ಸುಲಿನ್ನಿನ ಮಾತು ಚೆನ್ನಾಗಿ ಕೇಳುತ್ತವೆ. ಅನಂತರ ಈ ಗುಣ ಇಳಿಯುತ್ತ ಹೋಗುತ್ತದೆ. ಆದುದರಿಂದಲೇ ಮಧುಮೇಹಿಗಳು ವ್ಯಾಯಾಮಕ್ಕೆ ಸತತವಾಗಿ ಎರಡು ದಿನಕ್ಕಿಂತ ಹೆಚ್ಚು ಬಿಡುವು ಕೊಡಬಾರದು ಎಂದು ತಜ್ಞರು ಹೇಳುವುದು. ಭಾನುವಾರ ನೂರು ಕಿ.ಮೀ. ತುಳಿದವರ ಪುಣ್ಯ ಬುಧವಾರದ ಹೊತ್ತಿಗೆ ಬಹುಪಾಲು ಖರ್ಚಾಗಿರುತ್ತದೆ!

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಲ್ಲಿ ಕಿಲೋಮೀಟರಿನ ಮಾತೇ ಇಲ್ಲ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮ, ಇಲ್ಲವೆ 75ರಿಂದ 150 ನಿಮಿಷ ಬಿರುಸಿನ ಶ್ರಮ ಬೇಕು ಎನ್ನುತ್ತದೆ ಅದು. ಶರೀರ ಲೆಕ್ಕಕ್ಕೆ ತೆಗೆದುಕೊಳ್ಳುವುದು ಹೊತ್ತನ್ನು, ದೂರವನ್ನಲ್ಲ.

ಈ ತಿಳಿವಳಿಕೆಗೆ ದಾರಿ ತೋರಿದ್ದು ಲಂಡನ್ನಿನ ಬಸ್ಸುಗಳು. ಡಾ. ಜೆರ್ರಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಡೀ ದಿನ ಕುಳಿತೇ ಇರುವ ಡ್ರೈವರುಗಳಿಗಿಂತ ಮಹಡಿ ಬಸ್ಸಿನಲ್ಲಿ ಹತ್ತಿ ಇಳಿಯುವ ಕಂಡಕ್ಟರುಗಳಿಗೆ ಹೃದ್ರೋಗ ಕಡಿಮೆಯೆಂದು ಕಂಡುಬಂತು. ಆ ಕಂಡಕ್ಟರುಗಳು ಯಾವ ಪದಕಕ್ಕೂ ಮೆಟ್ಟಿಲು ಹತ್ತಿದವರಲ್ಲ. ಬೇತಮಂಗಲದ ಹಿರಿಯರ ಹಾಗೆ, ದಿನನಿತ್ಯದ ಕೆಲಸದಲ್ಲೇ ಅವರ ಔಷಧವಿತ್ತು.

ವಾರಕ್ಕೆ ಒಂದೆರಡು ದಿನ ಮಾತ್ರ ವ್ಯಾಯಾಮ ಮಾಡುವವರಿಗೂ ಪ್ರಯೋಜನ ಉಂಟೆಂದು ಈಚಿನ ಕೆಲವು ದೊಡ್ಡ ಅಧ್ಯಯನಗಳು ಹೇಳಿವೆ. ಅದು ನಿಜ. ಏನೂ ಮಾಡದಿರುವುದಕ್ಕಿಂತ ಅದು ಎಷ್ಟೋ ಮೇಲು. ಆದರೆ ಸಕ್ಕರೆ ಹೊಸ್ತಿಲಿಗೆ ಬಂದಿರುವ, ಇಪ್ಪತ್ತು ವರ್ಷ ಸೈಕಲ್ ಮುಟ್ಟದ, ನಲವತ್ತರ ಮನುಷ್ಯ ಬಾಕಿ ತೀರಿಸಲು ಬಿಸಿಲಿನಲ್ಲಿ ನೂರು ಕಿ.ಮೀ. ಹೊರಡುವುದು ಬೇರೆಯೇ ಮಾತು.

ದೂರ ಹೋಗುವವರು

ಹಾಗೆಂದು ನಾನು ದೂರದ ಸೈಕಲ್ ಸವಾರರನ್ನು ಹಳಿಯುತ್ತಿಲ್ಲ. ಬೆಂಗಳೂರಿನಲ್ಲಿ ಹತ್ತು ವರ್ಷಕ್ಕೂ ಹಿಂದಿನಿಂದ ಬ್ರೆವೆ ಎಂಬ ದೀರ್ಘ ಸವಾರಿಗಳು ನಡೆಯುತ್ತಿವೆ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆಯ ಗಡುವು. ನವೆಂಬರಿನಿಂದ ಅಕ್ಟೋಬರಿನವರೆಗಿನ ಒಂದೇ ವರ್ಷದಲ್ಲಿ ಈ ನಾಲ್ಕನ್ನೂ ಮುಗಿಸಿದವರು ಸೂಪರ್ ರಾಂಡನಿಯರ್ ಎನಿಸಿಕೊಳ್ಳುತ್ತಾರೆ. ಇದು ಸ್ಪರ್ಧೆಯಲ್ಲ, ಮೊದಲು ಬಂದವರಿಗೂ ಕೊನೆಗೆ ಬಂದವರಿಗೂ ಒಂದೇ ಮರ್ಯಾದೆ.

ಸ್ಪರ್ಧೆಗೆ ಇಳಿದವರೂ ಇದ್ದಾರೆ. ಅಮೆರಿಕೆಯನ್ನು ಅಡ್ಡಲಾಗಿ ದಾಟುವ ಸುಮಾರು 4,800 ಕಿ.ಮೀ. ಸ್ಪರ್ಧೆಯ ದಾರಿಗೆ 2010ರಲ್ಲಿ ಬೆಂಗಳೂರಿನ ಸಮೀಮ್ ರಿಜ್ವಿ ಇಳಿದರು. 2017ರಲ್ಲಿ ಸೇನೆಯ ವೈದ್ಯರಾದ ಶ್ರೀನಿವಾಸ್ ಗೋಕುಲನಾಥ್ ಮತ್ತು ನಾಗಪುರದ ಡಾ. ಅಮಿತ್ ಸಮರ್ಥ್ ಅದನ್ನು ಒಬ್ಬೊಬ್ಬರೇ ತುಳಿದು 12 ದಿನದ ಗಡುವಿನೊಳಗೆ ಮುಗಿಸಿದರು. ಇಬ್ಬರೂ ವೈದ್ಯರೆಂಬುದು ನಮ್ಮ ವೃತ್ತಿಯವರಿಗೆಲ್ಲ ಹೆಮ್ಮೆ.

ಆದರೆ ನಾವು ನೋಡುವುದು ಪದಕವನ್ನು. ಅದರ ಹಿಂದೆ ವರ್ಷಗಟ್ಟಲೆ ಪ್ರತಿದಿನ ನಡೆದ ಅಭ್ಯಾಸ ನಮಗೆ ಕಾಣುವುದಿಲ್ಲ. ಅವರ ದೂರವನ್ನು ಮಾತ್ರ ಎರವಲು ತಂದು, ದಿನಗಳನ್ನು ಬಿಟ್ಟುಬಿಡುತ್ತೇವೆ.

ಸಂಕಲ್ಪ ಹೀಗಿರಲಿ

ವರ್ಷಕ್ಕೆ ಇಷ್ಟು ಕಿ.ಮೀ. ಎನ್ನುವ ಬದಲು ವರ್ಷಕ್ಕೆ 260 ದಿನ, ಅಂದರೆ ವಾರಕ್ಕೆ ಐದು ದಿನ, ದಿನಕ್ಕೆ ಕನಿಷ್ಠ ಅರ್ಧ ಗಂಟೆ ಎಂದುಕೊಳ್ಳಿ. ವಾರದ 150 ನಿಮಿಷ ತಾನಾಗಿ ತುಂಬುತ್ತದೆ. ತಪ್ಪಿದ ದಿನಕ್ಕೆ ಮರುದಿನ ಬಡ್ಡಿ ಕಟ್ಟಬೇಡಿ. ತಪ್ಪಿದ್ದು ತಪ್ಪಿತು, ಎರಡು ದಿನ ಮೀರದಂತೆ ನೋಡಿಕೊಂಡರೆ ಸಾಕು.

ನಲವತ್ತು ದಾಟಿದವರು, ಮಧುಮೇಹ ಅಥವಾ ರಕ್ತದೊತ್ತಡ ಇರುವವರು, ಬೀಡಿ ಸಿಗರೇಟು ಸೇದುವವರು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತ ಕಂಡವರು ಮೊದಲು ವೈದ್ಯರಿಗೆ ತೋರಿಸಿ. ನಮ್ಮ ದೇಶದವರಿಗೆ ಹೃದಯಾಘಾತ ಇತರರಿಗಿಂತ ಐದಾರು ವರ್ಷ ಮುಂಚೆಯೇ ಬರುತ್ತದೆ. ಕೆಜಿಎಫ್ ಗಣಿಯಲ್ಲಿ ದುಡಿದ ಹಿರಿಯರಿಗೆ ಒಂದು ಮಾತು: ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್ ಗಣಿ ಬಿಟ್ಟು ವರ್ಷಗಳಾದ ಮೇಲೂ ಕಾಣಿಸಿಕೊಳ್ಳಬಹುದು. ಏದುಸಿರನ್ನು ವಯಸ್ಸಿನ ತಲೆಗೆ ಕಟ್ಟದೆ ಎದೆಯ ಪರೀಕ್ಷೆ ಮಾಡಿಸಿ.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ದಾರಿಯಲ್ಲಿ ಸಕ್ಕರೆ ಇಳಿಯಬಹುದು. ಬೆವರು, ಕೈನಡುಕ, ತಲೆಸುತ್ತು ಕಂಡರೆ ತಕ್ಷಣ ಇಳಿದು ಸಕ್ಕರೆ ಬಾಯಿಗೆ ಹಾಕಿಕೊಳ್ಳಿ. ಜೇಬಿನಲ್ಲಿ ಅದು ಯಾವಾಗಲೂ ಇರಲಿ. ಔಷಧದ ಪ್ರಮಾಣವನ್ನು ನೀವೇ ಬದಲಿಸಬೇಡಿ.

ತುಳಿಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಸರಿಯಾದ ವೇಗ. ಹೊತ್ತನ್ನು ವಾರಕ್ಕೆ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಏರಿಸಬೇಡಿ. ಸೀಟು ತೀರ ತಗ್ಗಿದ್ದರೆ ಮಂಡಿಯ ಮುಂಭಾಗ ನೋಯುತ್ತದೆ. ಪೆಡಲ್ ಕೆಳಗೆ ಬಂದಾಗ ಮಂಡಿ ಸ್ವಲ್ಪವೇ ಬಾಗಿರಬೇಕು. ಹ್ಯಾಂಡಲಿನ ಮೇಲೆ ಮೈಭಾರ ಹಾಕಿದರೆ ನನಗಾದಂತೆ ಅಂಗೈಯ ನರ ಒತ್ತಿಹೋಗಿ ಬೆರಳು ಜೋಮು ಹಿಡಿಯುತ್ತದೆ; ಆಗಾಗ ಹಿಡಿತ ಬದಲಿಸಿ. ಒಂದು ಗಂಟೆಯೊಳಗಿನ ಸವಾರಿಗೆ ನೀರು ಸಾಕು. ಬಿಸಿಲಿನಲ್ಲಿ ಅದಕ್ಕೂ ಹೆಚ್ಚಾದರೆ ಉಪ್ಪು ಬೆರೆಸಿದ ಮಜ್ಜಿಗೆಯೋ ಓಆರ್‌ಎಸ್ ದ್ರಾವಣವೋ ಬೇಕು. ಸೈಕಲ್ ತುಳಿತದಿಂದ ಮೂಳೆಗೆ ಹೆಚ್ಚು ಬಲ ಬರುವುದಿಲ್ಲ. ವಾರಕ್ಕೆ ಎರಡು ದಿನ ಬಸ್ಕಿ ಹೊಡೆಯಿರಿ, ಭಾರ ಎತ್ತಿರಿ.

ಬೇಸಿಗೆಯಲ್ಲಿ ಒಂಬತ್ತರೊಳಗೆ ಮನೆ ಸೇರಿ. ಆದರೆ ನಸುಕಿನ ಕತ್ತಲಲ್ಲಿ ಹೊರಡಬೇಡಿ. ನಮ್ಮ ಕಾಮಸಮುದ್ರ ಹೋಬಳಿಯ ಕಾಡಂಚಿನ ಹಳ್ಳಿಗಳಿಗೆ ಆನೆಗಳು ಬರುವುದು ನಿಮಗೆ ಗೊತ್ತೇ ಇದೆ. ಹೆಲ್ಮೆಟ್, ಮುಂದೆ ದೀಪ, ಹಿಂದೆ ಕೆಂಪು ದೀಪ ಇಲ್ಲದೆ ರಸ್ತೆಗಿಳಿಯಬೇಡಿ.

ಎದೆ ಹಿಂಡಿದಂತಾಗುವುದು, ಎಡತೋಳಿಗೋ ದವಡೆಗೋ ನೋವು ಹರಿಯುವುದು, ಎಂದಿಲ್ಲದ ಏದುಸಿರು, ತಣ್ಣನೆಯ ಬೆವರು: ಇವುಗಳಲ್ಲಿ ಯಾವುದು ಕಂಡರೂ ಅಲ್ಲೇ ನಿಲ್ಲಿ. "ಗ್ಯಾಸ್ ಇರಬೇಕು" ಎಂದು ಸೋಡಾ ಕುಡಿದು ಮಲಗಬೇಡಿ. 108ಕ್ಕೆ ಫೋನ್ ಮಾಡಿ, ಇಸಿಜಿ ತೆಗೆಯುವ ಆಸ್ಪತ್ರೆಗೆ ಹೋಗಿ.

ಸ್ಟೇಷನ್ ದಾರಿ

ಚಿನ್ನದ ಗಣಿ 2001ರಲ್ಲಿ ಮುಚ್ಚಿದ ಮೇಲೆ ಕೆಜಿಎಫ್, ಬಂಗಾರಪೇಟೆ ಕಡೆಯ ಸಾವಿರಾರು ಜನರ ಬದುಕು ಬೆಂಗಳೂರಿನ ರೈಲಿಗೆ ಕಟ್ಟುಬಿದ್ದಿದೆ. ದಿನದ ನಾಲ್ಕೈದು ಗಂಟೆ ರೈಲಿನಲ್ಲೇ ಕಳೆಯುವವರಿಗೆ "ವ್ಯಾಯಾಮಕ್ಕೆ ಸಮಯ ಮಾಡಿಕೊಳ್ಳಿ" ಎನ್ನಲು ನನಗೇ ಸಂಕೋಚವಾಗುತ್ತದೆ. ಅವರಿಗೆ ಹೊಸ ಸಮಯ ಸಿಗುವುದಿಲ್ಲ; ಇರುವ ಸಮಯವನ್ನೇ ಬಳಸಬೇಕು. ಸ್ಟೇಷನ್‌ಗೆ ಮೋಟಾರ್ ಬೈಕಿನಲ್ಲಿ ಹೋಗುವ ಬದಲು ಸೈಕಲ್ಲಿನಲ್ಲಿ ಹೋದರೆ ಆಯಿತು. ಅದಕ್ಕೆ ಸ್ಟೇಷನ್‌ಗಳಲ್ಲಿ ಸೈಕಲ್ ಬಿಟ್ಟುಹೋಗಲು ಭದ್ರವಾದ ಜಾಗ ಬೇಕು, ರಸ್ತೆಯಂಚು ಗುಂಡಿಯಿಲ್ಲದೆ ಇರಬೇಕು. ಇದನ್ನು ಕೇಳಿ ಪಡೆಯುವುದೂ ಆರೋಗ್ಯದ ಕೆಲಸವೇ.

ನನ್ನ ಆ ವರ್ಷ ಏನಾಯಿತು ಎಂದು ನೀವು ಕೇಳಬಹುದು. ಬೇತಮಂಗಲದಿಂದ ಬಂದ ಮೇಲೆ ಡೈರಿಯ ಅಂಕಿ ಹೊಡೆದುಹಾಕಿ, ಕ್ಯಾಲೆಂಡರಿನಲ್ಲಿ ದಿನಗಳಿಗೆ ಗುರುತು ಹಾಕತೊಡಗಿದೆ. ಡಿಸೆಂಬರ್ ಕೊನೆಗೆ 3,640 ಕಿ.ಮೀ. ಆಗಿತ್ತು. ಐದು ಸಾವಿರ ಆಗಲೇ ಇಲ್ಲ. ಗುರುತು ಬಿದ್ದ ದಿನಗಳು 271. ಎಚ್‌ಬಿಎ1ಸಿ 5.8ಕ್ಕೆ ಇಳಿದಿತ್ತು. ಅನ್ನವನ್ನೂ ಅರ್ಧ ಮಾಡಿದ್ದೆನಾದ್ದರಿಂದ ಪೂರ್ತಿ ಕೀರ್ತಿ ಸೈಕಲ್ಲಿಗೆ ಸಲ್ಲದು.

ಆ ಗೃಹಸ್ಥರ ಮನೆಯಿಂದ ಬಂಗಾರಪೇಟೆ ಸ್ಟೇಷನ್‌ಗೆ ಆರು ಕಿ.ಮೀ. ಹೋಗಿ ಬಂದರೆ ಹನ್ನೆರಡು. 260 ದಿನಕ್ಕೆ 3,120. ಅದನ್ನೇ ಚೀಟಿಯ ಹಿಂದೆ ಬರೆದುಕೊಟ್ಟೆ. ಉಪ್ಪು ಕಡಿಮೆ ಮಾಡಿ, ಎರಡು ವಾರ ನಿಧಾನವಾಗಿ ತುಳಿದು, ರಕ್ತದೊತ್ತಡ ಮತ್ತೆ ನೋಡಿಸಲು ಬನ್ನಿ ಎಂದೆ.

"ಐದು ಸಾವಿರ ಆಗಲಿಲ್ಲವಲ್ಲ ಡಾಕ್ಟ್ರೇ?" ಎಂದರು, ಚೀಟಿ ನೋಡುತ್ತ.

"ಆಗದಿದ್ದರೆ ಬೇಡ ಬಿಡಿ. ಮುಂದಿನ ವರ್ಷವೂ ತುಳಿಯಬೇಕಲ್ಲ" ಎಂದೆ.