ಬಸ್ಸು ಪುಕ್ಕಟೆ, ಖೋಲಿಗೆ ರೊಕ್ಕ!

ಶಹಾಪುರ, ಸುರಪುರಕ್ಕೆ ರೈಲಿಲ್ಲ. ಬೆಂಗಳೂರಿಗೆ ಹೊರಟವರು ಯಾದಗಿರಿ ಸ್ಟೇಷನ್ ಮುಟ್ಟಬೇಕು, ಇಲ್ಲವೇ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಸೊಂಟ ಹಿಡಿಸಿಕೊಳ್ಳಬೇಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸಾದಾ ಬಸ್ಸಿನಲ್ಲಿ, ವೇಗದೂತದಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಖರ್ಚು ತಪ್ಪಿತು. ಒಳ್ಳೇದಾಯ್ತು. ಆದರೆ ನಸುಕಿನಲ್ಲಿ ಮೆಜೆಸ್ಟಿಕ್‌ನಲ್ಲಿ ಇಳಿದ ಮೇಲೆ ಜಳಕ ಎಲ್ಲಿ, ಚೀಲ ಇಡೋದೆಲ್ಲಿ, ರಾತ್ರಿ ಮಲಗೋದೆಲ್ಲಿ? ಪ್ರಯಾಣಕ್ಕಿಂತ ಮಲಗೋದೇ ತುಟ್ಟಿಯಾಗಿ ಕೂತಿದೆ.

ಲಾಡ್ಜಿನ ಕೌಂಟರಿನಲ್ಲಿ ಎಲ್ಲರೂ ಕೇಳುವ ಮೊದಲ ಮಾತು, "ಎಷ್ಟ್ರೀ ದಿನಕ್ಕ?" ಕೇಳಬೇಕಾದ್ದು ಬೇರೆ: ದಿನ ಅಂದರೆ ಯಾವುದು? 24 ತಾಸಿನ ಲೆಕ್ಕವೋ, ಮಧ್ಯಾಹ್ನ 12ರ ಲೆಕ್ಕವೋ? ಬೆಳಿಗ್ಗೆ 7ಕ್ಕೆ ಖೋಲಿ ಹಿಡಿದು ಮರುದಿನ ಸಂಜೆ 7ಕ್ಕೆ ಖಾಲಿ ಮಾಡಿ ರಾತ್ರಿ ರೈಲು ಹತ್ತುವವರ ಲೆಕ್ಕ ನೋಡಿ. 24 ತಾಸಿನ ಲಾಡ್ಜಿನಲ್ಲಿ ಅದು ಎರಡು ದಿನ. 12ರ ಲೆಕ್ಕವನ್ನು ಕಟ್ಟುನಿಟ್ಟಾಗಿ ಹಿಡಿಯುವ ಕಡೆ ಬೆಳಗಿನ ಐದು ತಾಸಿಗೆ ಒಂದು ದಿನ, ಮರುದಿನದ 12ಕ್ಕೆ ಎರಡು, ಆಮೇಲೆ ಸಂಜೆಯವರೆಗೆ ಮೂರು! ಮಲಗಿದ್ದು ಒಂದೇ ರಾತ್ರಿ. ಆಗ 600 ರೂಪಾಯಿ ಖೋಲಿ 800ರ ಖೋಲಿಗಿಂತ ತುಟ್ಟಿ. ರಾತ್ರಿ ರೈಲಿನಲ್ಲಿ ಬಂದು ರಾತ್ರಿ ರೈಲಿನಲ್ಲಿ ಹೋಗುವ ಈ ಭಾಗದವರಿಗೆ ಬೀಳುವ ಪೆಟ್ಟು ಇದೇ.

ಈಗ ಲಾಡ್ಜಿಗೆ ಪೈಪೋಟಿಯಾಗಿ ದಿನಬಾಡಿಗೆಯ ಅಪಾರ್ಟ್‌ಮೆಂಟು ಬಂದಿದೆ. ಒಂದು ಖೋಲಿ, ಗ್ಯಾಸ್ ಒಲೆ, ನಾಲ್ಕು ಪಾತ್ರೆ. ಸೋಪು, ಟವೆಲ್ಲು ನಿಮ್ಮದೇ. ಕರೆದರೆ ಓಡಿ ಬರೋ ಹುಡುಗ ಇಲ್ಲ. ದೊಡ್ಡ ಊರಿನವರಿಗೆ ಇದು ಕೊರತೆ ಅನಿಸಬಹುದು. ಬುತ್ತಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗುವವರಿಗೆ ಇದೇ ಅನುಕೂಲ. ಒಂದಿಷ್ಟು ಬ್ಯಾಳಿ ಕುದಿಸಿದರೆ ನಾಲ್ಕು ಮಂದಿಯ ಊಟ ಆಯ್ತು, ಹೋಟೆಲ್ ಬಿಲ್ಲು ಉಳೀತು. ಲೆಕ್ಕ ತಪ್ಪೋದು ದೂರದಲ್ಲಿ. ಇಂಥ ಮನೆ ಊರ ಹೊರಗಿದ್ದರೆ ಬಾಡಿಗೆಯಲ್ಲಿ ಉಳಿದದ್ದು ಆಟೋದವನ ಪಾಲು. ಮೆಟ್ರೋ ಪಕ್ಕ ಹಿಡಿದರೆ ಪರವಾಗಿಲ್ಲ: 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ಮೆಜೆಸ್ಟಿಕ್‌ನಿಂದ ಆರ್.ವಿ. ರಸ್ತೆಯಲ್ಲಿ ಗಾಡಿ ಬದಲಿಸಿ ಜಯದೇವ ಆಸ್ಪತ್ರೆ ಮುಟ್ಟಬಹುದು. ಇನ್ನು ಮೊಬೈಲಿನ ಫೋಟೋ ನೋಡಿ ಮೂರನೇ ಮಹಡಿ ಹಿಡಿದವರು ಲಿಫ್ಟು ಇದೆಯೋ ಅಂತ ಕೇಳದಿದ್ದರೆ, ಮೊಣಕಾಲು ನೋವಿನ ಮುದುಕಿಯನ್ನು ಹೊತ್ತು ಹತ್ತಿಸಬೇಕಾದೀತು.

ತೆರಿಗೆಯ ಕಥೆಯೂ ಇದೆ. ದಿನಕ್ಕೆ ಸಾವಿರ ರೂಪಾಯಿವರೆಗಿನ ಖೋಲಿಗೆ ಮೊದಲು ಜಿಎಸ್‌ಟಿ ಇರಲಿಲ್ಲ. 2022ರ ಜುಲೈ 18ರಿಂದ ಶೇ. 12 ಬಿತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ. 5ಕ್ಕೆ ಇಳಿದಿದೆ. 800ರ ಖೋಲಿಗೆ 96 ರೂಪಾಯಿ ಇದ್ದದ್ದು 40. ಸರಿ, ಇಳೀತು, ಆದರೆ ಬಡವರ ಖೋಲಿಗೆ ತೆರಿಗೆ ಹಾಕಿದ್ದನ್ನು ತೆಗೆದಿಲ್ಲ. ವರ್ಷಕ್ಕೆ 20 ಲಕ್ಷದೊಳಗಿನ ವಹಿವಾಟಿನ ಸಣ್ಣ ಲಾಡ್ಜಿಗೆ ನೋಂದಣಿ ಕಡ್ಡಾಯವಲ್ಲ. ನಂಬರೇ ಇಲ್ಲದವನು ಬಿಲ್ಲಿನಲ್ಲಿ ತೆರಿಗೆ ಬರೆದರೆ "ನಂಬರ್ ತೋರಸ್ರಿ" ಅನ್ನಬೇಕು. ಅದೇ ಲಾಡ್ಜನ್ನು ಆ್ಯಪಿನಲ್ಲಿ ಹಿಡಿದರೆ ಮಾತ್ರ ಕಂಪನಿಯವರು ತೆರಿಗೆ ಕಟ್ಟಲೇಬೇಕು, ಗಿರಾಕಿ ಕೊಡಲೇಬೇಕು. ಬಾಗಿಲಿಗೆ ಹೋಗಿ ಕೇಳಿದರೆ ಒಂದು ರೇಟು, ಬೆರಳಲ್ಲಿ ಒತ್ತಿದರೆ ಇನ್ನೊಂದು.

ಹೈದರಾಬಾದಿನ ಬೇಗಂ ಬಜಾರಿಗೆ ಮಾಲು ತರಲು ಹೋಗುವ ಅಂಗಡಿಯವರು ಇನ್ನೊಂದು ತಿಳಿದಿರಲಿ. ಅಲ್ಲಿಯ ಖೋಲಿ ಬಿಲ್ಲಿನಲ್ಲಿರುವುದು ತೆಲಂಗಾಣದ ತೆರಿಗೆ. ಯಾದಗಿರಿಯ ಜಿಎಸ್‌ಟಿ ಲೆಕ್ಕದಲ್ಲಿ ಅದನ್ನು ವಾಪಸು ಹಿಡಿಯಲು ಬರುವುದಿಲ್ಲ. ಮಾಲಿನ ಬಿಲ್ಲಿಗೆ ಸಿಗುವ ಅನುಕೂಲ ಮಂಚದ ಬಿಲ್ಲಿಗಿಲ್ಲ. ಶಕ್ತಿ ಯೋಜನೆಯ ಪುಕ್ಕಟೆಯೂ ರಾಜ್ಯದ ಗಡಿ ದಾಟುವುದಿಲ್ಲ.

ರೋಗಿ ಕರೆದುಕೊಂಡು ಹೋದವರ ಪಾಡು ಬೇರೆ. ಡಾಕ್ಟರು "ನಾಳೆ ಬರ್ರಿ" ಅಂದರೆ ಒಂದು ರಾತ್ರಿ ಹೆಚ್ಚಾಯಿತು. ಕಿದ್ವಾಯಿ, ನಿಮ್ಹಾನ್ಸ್ ಬಳಿ ಧರ್ಮಶಾಲೆಗಳಿವೆ, ಆದರೆ ಬಂದವರಿಗೆಲ್ಲ ಜಾಗ ಎಲ್ಲಿಂದ ಬರಬೇಕು? ಜಾಗ ಸಿಗದವರು ವರಾಂಡದಲ್ಲಿ ಚಾದರ ಹಾಸುತ್ತಾರೆ.

ಹಾಗೆ ನೋಡಿದರೆ ಈ ಭಾಗದವರ ಲಾಡ್ಜ್ ಖರ್ಚು ಉಳಿಸಿದ್ದು ಲಾಡ್ಜಿನವರ ರಿಯಾಯಿತಿಯಲ್ಲ. 2008ರಲ್ಲಿ ಹೈಕೋರ್ಟ್ ಪೀಠ ಗುಲ್ಬರ್ಗಕ್ಕೆ ಬಂತು. ಹೊಲದ ವ್ಯಾಜ್ಯಕ್ಕೆ ಗಾಂಧಿನಗರದಲ್ಲಿ ಖೋಲಿ ಹಿಡಿಯೋದು ತಪ್ಪಿತು. 2010ರಲ್ಲಿ ಯಾದಗಿರಿ ಜಿಲ್ಲೆಯಾಯಿತು, ಡಿ.ಸಿ. ಕಚೇರಿಗೆ ಬೆಳಿಗ್ಗೆ ಹೋಗಿ ಸಂಜೆ ಮನೆ ಸೇರುವಂತಾಯಿತು. 2024ರ ಡಿಸೆಂಬರಿನಲ್ಲಿ ಕಲಬುರಗಿಯಲ್ಲಿ ಜಯದೇವದ 371 ಹಾಸಿಗೆಯ ಕಟ್ಟಡ ಉದ್ಘಾಟನೆಯಾಯಿತು. ಎದೆನೋವಿನವರಿಗೆ ಈಗ ಅಲ್ಲಿಯೇ ಇಲಾಜು. ಉಳಿದ ರೋಗದವರು ಇಂದಿಗೂ ಯಾದಗಿರಿ ಪ್ಲಾಟ್‌ಫಾರಮ್ಮಿನಲ್ಲಿ ರೊಟ್ಟಿ ಗಂಟು ಹಿಡಿದು ಬೆಂಗಳೂರು ಗಾಡಿಗೆ ಕಾಯುತ್ತಿದ್ದಾರೆ.