‘ವರೆಗೆ’ ಅನ್ನೋ ಮೋಸ

100 ಎಂಬಿಪಿಎಸ್ ಪ್ಲಾನ್ ಹಾಕಿಸಿದ್ದೀರಿ. ಆದ್ರೂ 1 ಜಿಬಿ ಫೈಲ್ ಇಳಿಸೋಕೆ, ಎಲ್ಲಾ ಸರಿಯಿದ್ದಾಗಲೂ, 80 ಸೆಕೆಂಡ್ ಬೇಕು. ಅವರು ಮಾರೋದು ಬಿಟ್ ಲೆಕ್ಕ, ಫೈಲ್ ಇರೋದು ಬೈಟ್ ಲೆಕ್ಕ. ಎಂಟು ಬಿಟ್ ಸೇರಿದ್ರೆ ಒಂದು ಬೈಟ್. ಇರಲಿ ಬಿಡಿ, ಅದು ಹಳೇ ರೂಢಿ. ನಿಜವಾದ ಮೋಸ ಆ ಅಂಕಿಯ ಪಕ್ಕ ಇರುವೆ ಗಾತ್ರದಲ್ಲಿ ಕೂತಿರೋ ‘ವರೆಗೆ’ಯಲ್ಲಿದೆ. ತರಕಾರಿಯವನು ‘ಒಂದು ಕೆಜಿವರೆಗೆ’ ತೂಗಿ ಪೂರ್ತಿ ಕೆಜಿ ದುಡ್ಡು ಕೇಳಿದ್ರೆ ಸುಮ್ಮನಿರ್ತೀರಾ?

ದೂರು ಕೊಟ್ರೆ ಸ್ಪೀಡ್ ಟೆಸ್ಟ್ ಮಾಡಿ ಅಂತಾರೆ. ಆ ಟೆಸ್ಟಿನ ಸರ್ವರ್ ಎಷ್ಟೋ ಸಲ ಅವರದೇ ನೆಟ್‌ವರ್ಕಿನೊಳಗೆ ಇರುತ್ತೆ. ನಿಮ್ಮ ಆಫೀಸಿನ ಸರ್ವರ್ ಅಲ್ಲಿಲ್ಲವಲ್ಲ! 2023ರಲ್ಲಿ ಸರ್ಕಾರ ಬ್ರಾಡ್‌ಬ್ಯಾಂಡಿನ ಕನಿಷ್ಠ ವೇಗವನ್ನು 512 ಕೆಬಿಪಿಎಸ್‌ನಿಂದ 2 ಎಂಬಿಪಿಎಸ್‌ಗೆ ಏರಿಸಿತು. ಹಾಗೇ, ಇಡೀ ಬೀದಿ ವಿಡಿಯೊ ನೋಡೋ ರಾತ್ರಿ ಒಂಬತ್ತಕ್ಕೆ ಕನಿಷ್ಠ ಎಷ್ಟು ಸಿಗುತ್ತೆ ಅಂತ ಜಾಹೀರಾತಿನಲ್ಲೇ ಬರೆಸೋಕೆ ಏನು ಕಷ್ಟ?